ಉಪ್ಪುಮೀನಿನ ಮೊದಲ ನೀರು

ಹೆಸರು: ರೆಮೇಯ್ ಸಬಾತೆರ್. ವಯಸ್ಸು: ಎಪ್ಪತ್ತೊಂದು. ಉದ್ಯೋಗ: ಬಡಾವಣೆಯ ಮಾರುಕಟ್ಟೆಯಲ್ಲಿ ಉಪ್ಪುಮೀನಿನ ಅಂಗಡಿ. ವಿಳಾಸ: ಎರಡನೇ ಮಹಡಿ, ಹಗ್ಗದವರ ಬೀದಿ, ಬಾರ್ಸೆಲೊನೆಟಾ, ಬಾರ್ಸೆಲೋನಾ ನಗರ.

ಠಾಣೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ನಾನು ಸ್ವಂತ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ನುಡಿದು ಬರೆಸುವುದೇನೆಂದರೆ, ನಾನು ಮೇಲ್ಕಂಡ ವಿಳಾಸದಲ್ಲಿ ಮದುವೆಯಾಗಿ ಬಂದಾಗಿನಿಂದ ವಾಸವಾಗಿರುತ್ತೇನೆ. ನನ್ನ ಗಂಡ ತೀರಿಕೊಂಡಿರುತ್ತಾರೆ. ನನ್ನ ಮೇಲೆ ಈ ಮೊದಲು ಯಾವ ಪ್ರಕರಣವೂ ಇಲ್ಲ. ಇರಬೇಕಾಗಿತ್ತು, ಆದರೆ ಯಾರೂ ದೂರು ಕೊಟ್ಟಿಲ್ಲ.

ಈ ದಿನ ಗಿಫ್ರೆ ಎಂಬ ಯುವಕ ನನ್ನ ಮೇಲೆ ಕೊಟ್ಟಿರುವ ದೂರನ್ನು ನನಗೆ ಓದಿ ಹೇಳಲಾಯಿತು. ಸದರಿ ಗಿಫ್ರೆ ನಮ್ಮ ಬೀದಿಯಲ್ಲಿ ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮನೆಗಳನ್ನು ನೋಡಿಕೊಳ್ಳುವವನು. ನಾನು ಅವನ ಮೇಲೂ, ಅವನ ಮನೆಗೆ ಬಂದಿಳಿದ ಒಬ್ಬ ಪ್ರವಾಸಿ ಹೆಂಗಸಿನ ಮೇಲೂ ಗಲೀಜು ನೀರು ಹೊಯ್ದೆನೆಂದು ಅವನು ಬರೆಸಿರುತ್ತಾನೆ. ಇದರಲ್ಲಿ ಎರಡು ತಪ್ಪುಗಳಿವೆ. ಒಂದು, ಅದು ಗಲೀಜು ನೀರಲ್ಲ, ಉಪ್ಪುಮೀನು ನೆನೆಹಾಕಿದ ನೀರು. ಎರಡನೆಯದು, ಆ ಹೆಂಗಸು ಪ್ರವಾಸಿಯಲ್ಲ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಬೀದಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಮೂರೂವರೆ ಮೀಟರ್ ಇರುತ್ತದೆ. ಮನೆಗಳು ಚಿಕ್ಕವು, ಬೇಸಿಗೆಯಲ್ಲಿ ಒಳಗೆ ಕೂರಲು ಆಗುವುದಿಲ್ಲ. ಆದ್ದರಿಂದ ಸಂಜೆ ಏಳಕ್ಕೆ ಎಲ್ಲರೂ ತಮ್ಮ ತಮ್ಮ ಕುರ್ಚಿಯನ್ನು ಬೀದಿಗೆ ತಂದು, ನಮ್ಮ ಬದಿಯ ಗೋಡೆಗೆ ಸಾಲಾಗಿ ಹಾಕಿಕೊಂಡು ಕೂರುತ್ತೇವೆ. ಯಾರ ಕುರ್ಚಿ ಎಲ್ಲಿ ಎಂಬುದು ಗೊತ್ತಿರುತ್ತದೆ. ಆ ಸಾಲಿನಲ್ಲಿ ಕುರ್ಚಿ ಇದ್ದವರು ಬೀದಿಯವರು, ಇಲ್ಲದವರು ಬೀದಿಯವರಲ್ಲ. ಇದು ಯಾವ ಕಾನೂನಿನಲ್ಲಿದೆ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಕಾನೂನಿನಲ್ಲಿ ಇಲ್ಲ.

ಈಗ ಬೀದಿಯ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರವಾಸಿಗಳಿಗೆ ಹೋಗಿವೆ. ಅವರು ಬರೀ ಚಡ್ಡಿಯಲ್ಲಿ ಮಾರುಕಟ್ಟೆಗೆ ಬರುತ್ತಾರೆ. ನನ್ನ ಅಂಗಡಿಯ ಮುಂದೆ ನಿಂತು ಮೀನಿನ ಫೋಟೋ ತೆಗೆಯುತ್ತಾರೆ, ಮೀನು ಕೊಳ್ಳುವುದಿಲ್ಲ. ಮೆಟ್ಟಿಲ ಮೇಲೆ ವಾಂತಿ ಮಾಡಿಕೊಳ್ಳುತ್ತಾರೆ. ಹೋದ ವರ್ಷ ಒಬ್ಬ ನನ್ನ ಬಾಗಿಲು ತನ್ನದೆಂದು ಅರ್ಧ ಗಂಟೆ ಬಡಿದು, ತೆರೆದ ಮೇಲೆ ನನ್ನನ್ನೇ ಯಾರು ಎಂದು ಕೇಳಿದ. ಚಕ್ರದ ಪೆಟ್ಟಿಗೆಗಳ ಗಡಗಡ ಸದ್ದು ಕಲ್ಲುಹಾಸಿನ ಮೇಲೆ ಬೆಳಗಿನಿಂದ ನಿಲ್ಲುವುದಿಲ್ಲ. ನಾವು ಸಂತೆಗೆ ಎಳೆದುಕೊಂಡು ಹೋಗುವ ಕೈಗಾಡಿಗೂ ಚಕ್ರವಿದೆ, ಆದರೆ ಅದರ ಸದ್ದೇ ಬೇರೆ. ಪೆಟ್ಟಿಗೆಯ ಸದ್ದು ಬಂದರೆ ಬಾಲ್ಕನಿಯಿಂದ ನೀರು ಹೊಯ್ಯುವುದು ನಮ್ಮ ಬೀದಿಯ ರೂಢಿಯಾಗಿರುತ್ತದೆ. ನಾನು ಹೊಯ್ಯುವುದು ಉಪ್ಪುಮೀನಿನ ನೀರು. ಮೀನಿನ ಉಪ್ಪು ಬಿಡಿಸಲು ನೀರನ್ನು ಮೂರು ಸಲ ಬದಲಿಸಬೇಕು. ಮೊದಲ ನೀರು ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಅದಕ್ಕಾಗಿ ನಾನು ಎರಡನೇ ನೀರನ್ನು ಹೊಯ್ಯುತ್ತೇನೆ. ನನಗೂ ಕರುಣೆ ಇದೆ ಎಂಬುದನ್ನು ದಯವಿಟ್ಟು ಬರೆದುಕೊಳ್ಳಿ.

ಈ ದಿನ ಜೂನ್ ಇಪ್ಪತ್ತಮೂರು, ಬೀದಿ ಬೀದಿಯಲ್ಲಿ ಬೆಂಕಿ ಹಚ್ಚುವ ಸಂತ ಜುವಾನ್ ಹಬ್ಬದ ಹಿಂದಿನ ಸಂಜೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ನಾನು ಹಬ್ಬದ ಮೀನಿಗೆ ನೀರು ಬದಲಿಸುತ್ತಿದ್ದಾಗ ಬೀದಿಯ ತಿರುವಿನಿಂದ ಪೆಟ್ಟಿಗೆಯ ಸದ್ದು ಕೇಳಿತು. ಬಾಲ್ಕನಿಯಿಂದ ಬಗ್ಗಿ ನೋಡಲಾಗಿ ಅಗಲ ಅಂಚಿನ ಒಣಹುಲ್ಲಿನ ಟೋಪಿ, ಕಪ್ಪು ಕನ್ನಡಕ, ಹೂವಿನ ಅಂಗಿ ಕಾಣಿಸಿತು. ಮುಖ ಕಾಣಲಿಲ್ಲ. ಟೋಪಿ ಸರಿಯಾಗಿ ನನ್ನ ಕೆಳಗೆ ಬಂದಾಗ ಎರಡನೇ ನೀರನ್ನು ಪೂರ್ತಿ ಬಕೆಟ್ ಹೊಯ್ದೆ.

ಸಾಮಾನ್ಯವಾಗಿ ಪ್ರವಾಸಿಗಳು ಕಿರುಚುತ್ತಾರೆ, ಇಲ್ಲವೇ ಓಡುತ್ತಾರೆ. ಇವಳು ನಿಂತಳು. ಟೋಪಿ ತೆಗೆದು ಮೂಸಿದಳು. ನಂತರ ತಲೆ ಎತ್ತದೆಯೇ, “ಲೇ ರೆಮೇಯ್, ಎರಡನೇ ನೀರು ಕಣೇ ಇದು! ಯಾವಾಗಿಂದ ಇಷ್ಟು ಜಿಪುಣಿಯಾದೆ? ನನ್ನ ಕಾಲದಲ್ಲಿ ಮೊದಲನೇ ನೀರೇ ಹೊಯ್ತಿದ್ವಿ” ಎಂದು ಕೂಗಿದಳು.

ಆಡಿದ ಮಾತನ್ನು ಸಾರಾಂಶ ಮಾಡದೆ ಆಡಿದ ಹಾಗೆಯೇ ಬರೆದುಕೊಳ್ಳಬೇಕೆಂದು ನಾನು ಈ ಹಂತದಲ್ಲಿ ಕೇಳಿಕೊಂಡಿದ್ದು, ಬರೆಯುವವರು ಒಪ್ಪಿರುತ್ತಾರೆ.

ಸದರಿ ಹೆಂಗಸು ಕಾರ್ಮೆತಾ ಫೋರ್ನ್. ನಮ್ಮ ಎದುರು ಮನೆಯ ನೆಲಮಹಡಿಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಗಂಡನನ್ನು ಕಳೆದುಕೊಂಡವಳು. ಸಾಲಿನಲ್ಲಿ ಅವಳ ಕುರ್ಚಿ ನನ್ನ ಎಡಕ್ಕೆ ಇರುತ್ತಿತ್ತು. ಪ್ರವಾಸಿಗಳ ಮೇಲೆ ನೀರು ಹೊಯ್ಯುವುದನ್ನು ಬೀದಿಯಲ್ಲಿ ಮೊದಲು ಶುರುಮಾಡಿದವಳೂ ಅವಳೇ. ಬಾಲ್ಕನಿ ಇಲ್ಲದ ಕಾರಣ ನಮ್ಮ ಮನೆಗೆ ಬಂದು ಹೊಯ್ಯುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಮನೆ ಕೈಬದಲಾಗಿ ಹೊಸ ಮಾಲೀಕರು ಅವಳನ್ನು ಬಿಡಿಸಲು ಬಂದರು. ನಾವು ಇಡೀ ಬೀದಿ ಬಾಗಿಲಿಗೆ ಅಡ್ಡ ನಿಂತು ಎರಡು ದಿನ ಪಾತ್ರೆ ಬಡಿದೆವು. ಮೂರನೇ ದಿನ ಅವಳು ಒಳಗಿನಿಂದ ಬಂದು, ಅವರು ಕೊಟ್ಟಷ್ಟು ತೆಗೆದುಕೊಂಡು ಸಹಿ ಹಾಕಿ ಹೊರಟುಹೋದಳು. ಪಾತ್ರೆ ನನ್ನ ಕೈಯಲ್ಲೇ ಇತ್ತು. ಅಂದಿನಿಂದ ನಮಗೆ ಮಾತಿಲ್ಲ.

ಇನ್ನೊಂದು ವಿಷಯ. ಗೋಡೆಗೆ ಒತ್ತಿ ನಡೆದರೆ ನನ್ನ ಬಾಲ್ಕನಿಯ ನೀರು ಮೈಮೇಲೆ ಬೀಳುವುದಿಲ್ಲ ಎಂಬುದನ್ನು ಕಾರ್ಮೆತಾಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವಳು ಬೀದಿಯ ನಡುವೆ ನಡೆದು ಬಂದಳು. ಯಾಕೆಂದು ನಾನು ಕೇಳಿಲ್ಲ.

ನಾನು ಕೆಳಗೆ ಇಳಿದೆ. ಅವಳ ಕೂದಲಿನಿಂದ ನೀರು ಸೋರುತ್ತಿತ್ತು. ಬಹಳ ಸಣ್ಣಗಾಗಿದ್ದಳು. ಪೆಟ್ಟಿಗೆ ಯಾರದೆಂದು ಕೇಳಿದ್ದಕ್ಕೆ ತಂಗಿಯ ಮಗಳದ್ದೆಂದಳು. ಎಲ್ಲಿಗೆ ಹೊರಟೆ ಎಂದು ಕೇಳಿದೆ. “ಎಲ್ಲಿಗೇನು, ಮನೆಗೆ” ಎಂದು ತನ್ನ ಹಳೆಯ ಬಾಗಿಲನ್ನು ತೋರಿಸಿದಳು. ಬಾಗಿಲ ಪಕ್ಕದಲ್ಲಿ ಗಿಫ್ರೆ ಹಾಕಿಸಿರುವ ಕೀಲಿಯ ಡಬ್ಬಿ ಇದೆ, ಅಂಕಿ ಒತ್ತಿದರೆ ತೆರೆಯುತ್ತದೆ. ಅವಳು ಫೋನ್ ನೋಡಿಕೊಂಡು ಅಂಕಿ ಒತ್ತಿದಳು. ಎರಡು ಸಲ ತಪ್ಪಿತು. ಆಗ ನನಗೆ ಅರ್ಥವಾಯಿತು.

“ಅವರಿಗೆ ದುಡ್ಡು ಕೊಟ್ಯಾ? ನಿನ್ನನ್ನ ಬೀದಿಗೆ ಹಾಕಿದೋರ ಜೇಬನ್ನೇ ತುಂಬಿಸಿದ್ಯಾ? ನಾಚಿಕೆ ಆಗ್ಬೇಕು ಕಣೇ ನಿನಗೆ” ಎಂದೆ.

“ಎರಡು ರಾತ್ರಿಗೆ ಅಷ್ಟೇ. ಸಂತ ಜುವಾನ್ ಹಬ್ಬ ಅಂತ ಬಂದೆ. ಅಲ್ಲಿ ನಾನಿರೋ ಕಡೆ ಸಮುದ್ರ ಇಲ್ಲ, ಬೆಂಕಿ ಹಾಕೋರಿಲ್ಲ. ಯಾರೋ ಒಂದು ಪಟಾಕಿ ಹೊಡೀತಾರೆ, ನಾಯಿ ಬೊಗಳುತ್ತೆ, ಹಬ್ಬ ಮುಗೀತು” ಎಂದಳು.

“ನಮ್ಮನೆ ಇರಲಿಲ್ವಾ?”

“ಕರೆದ್ಯಾ? ನಾಲ್ಕು ವರ್ಷದಲ್ಲಿ ಒಂದ್ಸಲ ಫೋನ್ ಮಾಡಿದ್ಯಾ?”

ಫೋನನ್ನು ಎರಡೂ ಕಡೆಯಿಂದ ಮಾಡಬಹುದೆಂದು ನಾನು ಹೇಳಿದೆ. ಅವಳು ಟವೆಲ್ ಕೇಳಿದಳು. ಪ್ರವಾಸಿಗಳ ಮನೆಯಲ್ಲಿ ಟವೆಲ್ ಅವರೇ ಕೊಡುತ್ತಾರೆ, ಹೋಗಿ ಒರೆಸಿಕೋ ಎಂದು ಹೇಳಿ ಮೆಟ್ಟಿಲು ಹತ್ತಿದೆ. ಇದನ್ನು ಹೀಗೆಯೇ ಬರೆದುಕೊಳ್ಳಬಹುದು.

ಸಂಜೆ ಏಳಕ್ಕೆ ಎಂದಿನಂತೆ ಸಾಲು ಹಾಕಿದೆವು. ಹಬ್ಬವಾದ್ದರಿಂದ ಎಲ್ಲರೂ ಬಂದಿದ್ದರು. ಬೀದಿಯ ಕೊನೆಯಲ್ಲಿ ಹತ್ತು ಗಂಟೆಗೆ ಹಚ್ಚುವ ಬೆಂಕಿಗೆ ಹಳೆಯ ಬಾಗಿಲು, ಮುರಿದ ಮಂಚಗಳನ್ನು ರಾಶಿ ಹಾಕಿದ್ದರು. ಕಾರ್ಮೆತಾ ಬಂದಿರುವ ಸುದ್ದಿಯನ್ನು, ಎಲ್ಲಿ ಇಳಿದಿದ್ದಾಳೆ ಎಂಬ ಸುದ್ದಿಯ ಸಮೇತ, ನಾನೇ ಎಲ್ಲರಿಗೂ ಹೇಳಿದ್ದೆ. ಸ್ವಲ್ಪ ಹೊತ್ತಿಗೆ ಅವಳು ತಲೆ ಬಾಚಿಕೊಂಡು, ಹಬ್ಬದ ಸಿಹಿ ರೊಟ್ಟಿಯ ತಟ್ಟೆ ಹಿಡಿದು ಹೊರಗೆ ಬಂದಳು. ಸಕ್ಕರೆ ಹಣ್ಣು, ಪೈನ್ ಬೀಜ ಹಾಕಿದ ರೊಟ್ಟಿ. ಸಾಲಿನ ಮುಂದೆ ನಿಂತಳು. ಯಾರೂ ಜರುಗಲಿಲ್ಲ.

ಬಂದರಿನಲ್ಲಿ ಕೆಲಸಕ್ಕಿದ್ದು ನಿವೃತ್ತನಾದ ಬ್ಲಾಯ್ ಸಾಲಿನ ತುದಿಯಲ್ಲಿ ಕೂರುತ್ತಾನೆ. ಅವನು, “ಪ್ರವಾಸಿಗಳಿಗೆ ಇಲ್ಲಿ ಕುರ್ಚಿ ಇಲ್ಲಮ್ಮ. ಬೀಚಿಗೆ ಹೋಗಿ, ಅಲ್ಲಿ ಬಾಡಿಗೆಗೆ ಸಿಗುತ್ತೆ. ನಿಮಗೆ ಬಾಡಿಗೆ ಕೊಡೋದು ಅಭ್ಯಾಸ ಇದೆಯಲ್ಲ” ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ.

“ಬ್ಲಾಯ್, ನಿನ್ನ ಮದುವೆ ದಿನ ಪ್ಯಾಂಟು ಹರಕೊಂಡು ಬಂದು ನಿಂತಾಗ ಹೊಲಿಗೆ ಹಾಕಿದ್ದು ಇದೇ ಕೈ ಕಣೋ. ಒಳಚಡ್ಡಿಗೂ ತೇಪೆ ಇತ್ತು, ಅದನ್ನ ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ. ನನ್ನನ್ನ ನೀವು, ತಾವು ಅಂತೀಯಾ?” ಎಂದಳು ಕಾರ್ಮೆತಾ.

ಆದರೂ ಬ್ಲಾಯ್ ಜಾಗ ಬಿಡಲಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಒಂದು ಮಾತು ಹೇಳಿದ್ದರೆ ಸಾಲು ಜರುಗುತ್ತಿತ್ತು. ನಾನು ಬೀಸಣಿಗೆ ಬೀಸಿಕೊಳ್ಳುತ್ತಿದ್ದೆ.

ಆಗ ಅವಳು ಒಳಗೆ ಹೋಗಿ, ಗಿಫ್ರೆಯ ಮನೆಯ ಬಿಳಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ತನ್ನ ಹಳೆಯ ಬಾಗಿಲ ಮುಂದೆ ಹಾಕಿಕೊಂಡು ನಮಗೆ ಎದುರಾಗಿ ಕೂತಳು. ಆ ಬದಿಯಲ್ಲಿ ಅದೊಂದೇ ಕುರ್ಚಿ. ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ರೊಟ್ಟಿಯನ್ನು ಚೂರು ಚೂರಾಗಿ ಮುರಿದು ತಿನ್ನತೊಡಗಿದಳು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಬಿಳಿ ಕೂದಲಿನ ಪ್ರವಾಸಿಗಳು ಅವಳ ಫೋಟೋ ತೆಗೆದುಕೊಂಡು, ಹೆಬ್ಬೆರಳು ತೋರಿಸಿ ಹೋದರು. ಅವಳು ನಮ್ಮನ್ನು ನೋಡುತ್ತಿದ್ದಳು, ನಾವು ಅವಳನ್ನು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಜಗಳ ಆಡಿದರೆ ಆಡಬಹುದು, ಹೀಗೆ ಎದುರಿಗೆ ಕೂತು ರೊಟ್ಟಿ ತಿಂದರೆ ಏನು ಮಾಡಬೇಕು?

ಇನ್ನು ನಾನು ಹೇಳಲಿರುವುದನ್ನು ಸಾಲಿನಲ್ಲಿ ಯಾರಿಗೂ ಹೇಳಿರುವುದಿಲ್ಲ. ಪ್ರವಾಸಿಗಳ ಮನೆಗಳ ಬಾಗಿಲ ಮೇಲೆ ಒಂದು ಫೋನ್ ಸಂಖ್ಯೆ ಅಂಟಿಸಿರುತ್ತಾರೆ, ತೊಂದರೆಯಾದರೆ ನೆರೆಹೊರೆಯವರು ದೂರು ಹೇಳಲು. ಆ ಸಂಖ್ಯೆ ನನಗೆ ಬಾಯಿಪಾಠ. ಕುಡಿದು ಗಲಾಟೆ ಮಾಡಿದಾಗ ಮಾಡಿದ್ದೇನೆ, ಮೆಟ್ಟಿಲ ದೀಪ ಒಡೆದಾಗ ಮಾಡಿದ್ದೇನೆ, ಒಬ್ಬ ಬಾಲ್ಕನಿಯಿಂದ ಕೆಳಗೆ ಮೂತ್ರ ಮಾಡಿದಾಗ ಅವನು ಮುಗಿಸುವ ತನಕವೂ ಫೋನ್ ಹಿಡಿದು ನಿಂತಿದ್ದೇನೆ. ಒಂದು ದಿನವೂ ಯಾರೂ ಎತ್ತಿಲ್ಲ, ಯಾರೂ ಬಂದಿಲ್ಲ. ಆದರೂ ಸಿಟ್ಟು ಬಂದಾಗ ಆ ಸಂಖ್ಯೆಗೆ ಫೋನ್ ಮಾಡಿ ಬೈದು ಇಡುವುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ರೂಢಿ. ಬೈದರೆ ಮನಸ್ಸು ಹಗುರಾಗುತ್ತದೆ. ಇಂದು ಏಳೂಕಾಲಿಗೆ ನಾನು ನೀರು ಕುಡಿಯುವ ನೆಪದಲ್ಲಿ ಮೇಲೆ ಹೋಗಿ ಅದೇ ಸಂಖ್ಯೆಗೆ ಫೋನ್ ಮಾಡಿದೆ. ಯಾರೂ ಎತ್ತುವುದಿಲ್ಲ ಎಂಬ ಭರವಸೆಯ ಮೇಲೆಯೇ ಮಾಡಿದ್ದು. ಎತ್ತಿದರು. ನನ್ನ ಬಾಯಿಂದ ಮಾತು ಹೊರಟುಹೋಗಿತ್ತು, ನಿಮ್ಮ ಮನೆಯಲ್ಲಿ ಇಳಿದವಳೊಬ್ಬಳು ಬೀದಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ ಎಂದು.

ಇಷ್ಟು ವರ್ಷ ಯಾವ ಕುಡುಕನಿಗೂ ಬಾರದ ಗಿಫ್ರೆ, ಕುರ್ಚಿಯ ಮೇಲೆ ಕೂತ ಎಪ್ಪತ್ತೈದರ ಹೆಂಗಸಿಗಾಗಿ ಇಪ್ಪತ್ತು ನಿಮಿಷದಲ್ಲಿ ಬಂದ.

ಅವನು ಬಿಳಿ ಅಂಗಿ ಹಾಕಿದ್ದ. ಮೊದಲು ಇಂಗ್ಲಿಷಿನಲ್ಲಿ ಮಾತಾಡಿಸಿದ. ಅವಳು ನಮ್ಮ ಮಾತಿನಲ್ಲಿ ಉತ್ತರ ಕೊಟ್ಟ ಮೇಲೆ ಅವನೂ ನಮ್ಮ ಮಾತಿಗೆ ಬಂದ. “ಅಜ್ಜೀ, ನಿಯಮ ಓದಿಲ್ವಾ? ಸಾಮಾನು ಹೊರಗೆ ಹಾಕೋ ಹಾಗಿಲ್ಲ. ನೆರೆಹೊರೆಯೋರು ದೂರು ಕೊಟ್ಟಿದಾರೆ. ಇಲ್ಲಿ ಜನ ಸಂಸಾರ ಮಾಡ್ಕೊಂಡಿದಾರೆ, ಅವರಿಗೆ ಸ್ವಲ್ಪ ಮರ್ಯಾದೆ ಕೊಡಿ” ಎಂದ.

ಅವಳು ನಮ್ಮ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ನಾನು ನೆಲ ನೋಡಿದೆ. ನಂತರ ಅವನಿಗೆ, “ನಾನು ಹುಟ್ಟಿದ್ದು ಈ ಬಾಗಿಲೊಳಗೆ ಮಗಾ. ನೀನೀಗ ಸೋಫಾ ಹಾಕಿದೀಯಲ್ಲ, ಅಲ್ಲೇ. ನಮ್ಮಮ್ಮ ಸತ್ತಿದ್ದೂ ಅಲ್ಲೇ” ಎಂದಳು.

“ಇರಬಹುದು ಅಜ್ಜಿ. ಇವತ್ತು ನೀವು ಅತಿಥಿ. ದೂರು ಬಂದ್ರೆ ಖಾಲಿ ಮಾಡಿಸಬೇಕು ಅಂತಿದೆ. ನನ್ನ ಕೈಲೇನಿಲ್ಲ” ಎಂದ. ದುಡ್ಡು ವಾಪಸ್ ಬರುವುದಿಲ್ಲವೆಂದೂ ಹೇಳಿದ. ಅವನು ಕೆಟ್ಟ ಮಾತು ಆಡಲಿಲ್ಲ, ಕೈ ಮಾಡಲಿಲ್ಲ, ದನಿಯನ್ನೂ ಎತ್ತರಿಸಲಿಲ್ಲ. ನಾನು ಸುಳ್ಳು ಬರೆಸುವುದಿಲ್ಲ. ಒಳಗೆ ಹೋಗಿ ಅವಳ ಪೆಟ್ಟಿಗೆಯನ್ನು ತಂದ. ಅದು ಹೊಸ್ತಿಲು ದಾಟಿ ಕಲ್ಲಿಗೆ ಇಳಿದಾಗ ಗಡಗಡ ಸದ್ದಾಯಿತು.

ಒಂದೇ ಮನೆಯಿಂದ ಅವಳನ್ನು ಎರಡನೇ ಸಲ ಹೊರಗೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ಮೊದಲನೇ ಸಲ ಮಾಲೀಕರು ಹಾಕಿದ್ದರು. ಈ ಸಲ ಹಾಕಿದವಳು ನಾನು.

ನಾನು ಎದ್ದು ಮಹಡಿಗೆ ಹೋದೆ. ನಾಳೆಯ ಮಾರಾಟಕ್ಕೆ ಬೇರೆ ಮೀನನ್ನು ಆಗಷ್ಟೇ ನೆನೆಹಾಕಿದ್ದು, ಅದರ ಮೊದಲ ನೀರು ಬೋಗುಣಿಯಲ್ಲಿತ್ತು. ಬೋಗುಣಿ ಸಮೇತ ಕೆಳಗೆ ತಂದು, ಎರಡು ಮೀಟರ್ ದೂರದಿಂದ ಗಿಫ್ರೆಯ ಮೇಲೆ ಪೂರ್ತಿ ಹೊಯ್ದೆ. ಸಿಟ್ಟಿನಲ್ಲಿ ಮೀನು ಬೇರೆ ತೆಗೆದಿಡುವುದು ಮರೆತುಹೋಯಿತು. ಮೂರು ತುಂಡು ಅವನ ಎದೆಗೆ ಬಡಿದು ಬಿದ್ದವು. ಮೀನು ಎಸೆಯುವ ಉದ್ದೇಶ ನನಗಿರಲಿಲ್ಲ, ಅದು ಒಳ್ಳೆಯ ದಪ್ಪ ಮೀನು. ಅವನ ಫೋನ್ ಹಾಳಾಗಿದ್ದರೆ ಅದು ಸಮಾಧಾನದ ಸಂಗತಿ. ಆ ಸಂಖ್ಯೆಯನ್ನು ಎತ್ತುವ ಫೋನ್ ಅದೇ ಇರಬೇಕು.

ಕಾರ್ಮೆತಾ ಕುರ್ಚಿಯಿಂದ ಏಳಲಿಲ್ಲ. ಮೂಗು ಅರಳಿಸಿ, “ಹಾಂ, ಮೊದಲನೇ ನೀರು. ಈಗ ಸರಿ ಹೋಯ್ತು” ಎಂದಳು.

ಎಂಟು ಗಂಟೆಗೆ ಇಬ್ಬರು ಪೊಲೀಸರು ಬಂದರು. ನೀರು ಹೊಯ್ದವರು ಯಾರೆಂದು ಕೇಳಿದ್ದಕ್ಕೆ, ನಾನು ಬಾಯಿ ತೆರೆಯುವ ಮೊದಲೇ ಕಾರ್ಮೆತಾ, “ನಾನು. ನನ್ನನ್ನ ಹೇಗಿದ್ರೂ ಖಾಲಿ ಮಾಡ್ಸಿದಾರೆ, ಇನ್ನೇನು ಮಾಡ್ತಾರೆ?” ಎಂದಳು. ಪಕ್ಕದ ಕೋಣೆಯಲ್ಲಿ ಈಗ ಅದನ್ನೇ ಬರೆಸುತ್ತಿದ್ದಾಳೆಂದು ತಿಳಿಯಿತು. ಅದು ಸುಳ್ಳು. ಅವಳ ಕೈಯಲ್ಲಿ ತುಂಬಿದ ಬೋಗುಣಿ ಎತ್ತುವ ಶಕ್ತಿ ಇಲ್ಲ, ಬೇಕಾದರೆ ಎತ್ತಿಸಿ ನೋಡಿ. ಮೊದಲಿನಿಂದಲೂ ಬೇರೆಯವರು ಮಾಡಿದ್ದನ್ನು ತಾನು ಮಾಡಿದೆನೆಂದು ಹೇಳಿಕೊಳ್ಳುವ ಚಟ ಅವಳಿಗಿದೆ. ನೀರು ನನ್ನದು, ಮೀನು ನನ್ನದು, ಬೋಗುಣಿ ನನ್ನದು. ಪ್ರಕರಣ ನನ್ನ ಮೇಲೆಯೇ ಆಗತಕ್ಕದ್ದು.

ದೂರಿನಲ್ಲಿ ಅವಳನ್ನು ಪ್ರವಾಸಿ ಹೆಂಗಸು ಎಂದು ಬರೆದಿರುವುದನ್ನು ಹೊಡೆದುಹಾಕಿ ನೆರೆಮನೆಯವಳು ಎಂದು ತಿದ್ದಬೇಕೆಂದು ಕೇಳಿದೆ. ದೂರು ಕೊಟ್ಟವನ ಮಾತನ್ನು ತಿದ್ದಲು ಬರುವುದಿಲ್ಲ, ನಿಮ್ಮ ಹೇಳಿಕೆಯಲ್ಲಿ ಬೇಕಾದರೆ ಹೇಳಿ ಎಂದರು. ಹೇಳಿದ್ದೇನೆ. ಅವಳು ದುಡ್ಡು ಕೊಟ್ಟು ಅವರ ಬಾಗಿಲಿಗೆ ಹೋದದ್ದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅದು ನಮ್ಮ ಬೀದಿಯ ವಿಷಯ, ಗಿಫ್ರೆಯದಲ್ಲ, ಠಾಣೆಯದೂ ಅಲ್ಲ.

ಮೇಲೆ ಬರೆಸಿರುವುದು ನಾನು ಕಂಡದ್ದು, ಆಡಿದ್ದು ಮತ್ತು ಕೈಯಾರೆ ಮಾಡಿದ್ದು. ನನಗೆ ಓದಿ ಹೇಳಿದರು, ಕೇಳಿದೆ, ಸರಿಯಾಗಿದೆ. ಇದರಲ್ಲಿ ಹೆಚ್ಚು ಮಾಡಿದ್ದಿಲ್ಲ. ಕಡಿಮೆ ಮಾಡಿದ್ದು ಬೈಗುಳ ಮಾತ್ರ.

ಸ್ಥಳ: ಬಾರ್ಸೆಲೊನೆಟಾ ಠಾಣೆ
ದಿನಾಂಕ: ಜೂನ್ ೨೩, ರಾತ್ರಿ ೯.೨೦
ರುಜು: ರೆಮೇಯ್ ಸಬಾತೆರ್

ರುಜು ಮಾಡಿದ ಮೇಲೆ ಹೇಳಿಕೆದಾರರು ಸೇರಿಸಲು ಕೋರಿದ್ದು:

ಠಾಣೆಗೆ ಹೊರಡುವಾಗ, ಒಬ್ಬ ಪೊಲೀಸ್ ಕಾರ್ಮೆತಾಳನ್ನು ಮುಂದೆ ಕರೆದುಕೊಂಡು ಹೋದ ಮೇಲೆ, ಮನೆಗೆ ಬೀಗ ಹಾಕಿ ಬರುತ್ತೇನೆಂದು ಇನ್ನೊಬ್ಬರನ್ನು ನಿಲ್ಲಿಸಿ ನಾನು ಮಹಡಿಗೆ ಹೋದದ್ದು ಸುಳ್ಳು ನೆಪವಾಗಿರುತ್ತದೆ. ಕಾರ್ಮೆತಾ ಮನೆ ಬಿಟ್ಟ ದಿನ ಅವಳ ಹುಲ್ಲು ಹೆಣೆದ ಕುರ್ಚಿ ಬೀದಿಯಲ್ಲೇ ಉಳಿದಿದ್ದು, ನಾನು ಎತ್ತಿಟ್ಟುಕೊಂಡಿದ್ದೆ. ಅಂದಿನಿಂದ ಅದರ ಮೇಲೆ ಮೀನಿನ ಬೋಗುಣಿ ಇಡುತ್ತಿದ್ದೆ. ಉಪ್ಪುನೀರು ಬಿದ್ದು ಹುಲ್ಲು ಕೊಳೆತದ್ದರಿಂದ ಹೋದ ಚಳಿಗಾಲದಲ್ಲಿ ಹೊಸದಾಗಿ ಹೆಣೆಸಿದ್ದೇನೆ. ಆ ಕುರ್ಚಿಯನ್ನು ಕೆಳಗೆ ತಂದು, ಸಾಲಿನಲ್ಲಿ ನನ್ನ ಕುರ್ಚಿಯ ಎಡಕ್ಕೆ ಹಾಕಿ ಬಂದಿದ್ದೇನೆ. ಯಾರೂ ಅದರಲ್ಲಿ ಕೂರದಂತೆ ನೋಡಿಕೊಳ್ಳಲು ಬ್ಲಾಯ್‌ಗೆ ಹೇಳಿದ್ದೇನೆ.

ಹತ್ತಕ್ಕೆ ಬೆಂಕಿ ಹಚ್ಚುತ್ತಾರೆ. ಅದಕ್ಕೆ ಮುಂಚೆ ಪಕ್ಕದ ಕೋಣೆಯಲ್ಲಿರುವವಳಿಗೆ ಈ ಹೇಳಿಕೆಯನ್ನು ಓದಿ ಹೇಳಬೇಕೆಂದು ಕೋರುತ್ತೇನೆ. ಫೋನ್ ಮಾಡಿದ ಭಾಗವನ್ನು ಬಿಡಬಾರದು. ಅದನ್ನು ಕೇಳಿದ ಮೇಲೂ ಬರುವುದಾದರೆ ಬರಲಿ, ಕುರ್ಚಿ ಹಾಕಿದೆ ಎಂದು ನೀವೇ ಹೇಳಿ. ನಾನು ಹೇಳುವಂತಿಲ್ಲ. ನಮಗೆ ಮಾತಿಲ್ಲ.